ಎಲ್ಲರ ಉಸಿರೂ ಹದಿನೆಂಟು

ಸ್ಕ್ಯಾನ್ ವಿಭಾಗದಲ್ಲಿ ಎಲ್ಲರೂ ಆಕೆಯನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ನಿಮಿಷಮ್ಮ. ಅಡ್ಡಹೆಸರು ಆಕೆಯ ಕಿವಿಗೆ ಬಿದ್ದಿಲ್ಲವೆಂದು ಅವರು ನಂಬಿದ್ದರು. ಬಿದ್ದಿತ್ತು. ಇಟ್ಟವನು ಯಾರೆಂಬುದೂ ಗೊತ್ತಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ಕುಳಿತು ರೋಗಿಗಳ ಸರದಿ ಬರೆಯುವ ಗುಮಾಸ್ತನೇ ಅದರ ಕರ್ತೃ.

ಹೆಸರಿಗೆ ಕಾರಣವಿತ್ತು. ಯಂತ್ರದ ಹಲಗೆಯ ಮೇಲೆ ಯಾರನ್ನೇ ಮಲಗಿಸುವ ಮೊದಲು ಆಕೆ ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡುತ್ತಿರಲಿಲ್ಲ. ಬೆರಳು ಮಣಿಕಟ್ಟಿನ ಮೇಲೆಯೇ ಇರುತ್ತಿತ್ತು, ಕಣ್ಣು ಮಾತ್ರ ಎದೆಯ ಏರಿಳಿತದ ಕಡೆಗೆ ಹೊರಳುತ್ತಿತ್ತು. ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಿದ್ದಳು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರಿದ್ದರು. ಅಷ್ಟನ್ನೂ ಮಾಡದೆ ರೋಗಿಯ ಮುಖ ನೋಡಿ ಬರೆದುಬಿಡುವವರು ಅವರಿಗಿಂತ ಹೆಚ್ಚು. ಕೈ ಬಿಡದಿರುವುದರಲ್ಲಿ ಒಂದು ಉಪಾಯವಿತ್ತು. ‘ನಿಮ್ಮ ಉಸಿರು ಎಣಿಸ್ತೀನಿ’ ಎಂದು ಹೇಳಿದ ಕ್ಷಣವೇ ಯಾರೇ ಆಗಲಿ ಶಾಲೆಗೆ ಬಂದ ತನಿಖಾಧಿಕಾರಿಯ ಎದುರು ಕೂತ ವಿದ್ಯಾರ್ಥಿಯಂತೆ ಒಪ್ಪವಾಗಿ ಉಸಿರಾಡತೊಡಗುತ್ತಾರೆ.

ಈ ಅಭ್ಯಾಸ ಮನೆಯಲ್ಲೂ ಬಿಡುತ್ತಿರಲಿಲ್ಲ. ಅತ್ತೆ ಮಧ್ಯಾಹ್ನ ಅಡ್ಡಾದಾಗ ಆಕೆ ಬಟ್ಟೆ ಮಡಿಸುತ್ತ ಪಕ್ಕದಲ್ಲಿ ಕುಳಿತರೆ ಕಣ್ಣು ತಾನಾಗಿ ಅತ್ತ ಹೋಗುತ್ತಿತ್ತು. ಅತ್ತೆ ಒಮ್ಮೆ ಕಣ್ಣು ಮುಚ್ಚಿಕೊಂಡೇ ಕೇಳಿದ್ದರು: “ನನ್ನ ಉಸಿರಿನ ಲೆಕ್ಕ ಹಾಕ್ತಾ ಕೂತಿದ್ದೀಯಲ್ಲೇ, ಯಾವಾಗ ಮುಗಿಯುತ್ತೆ ಅಂತಲಾ?”

“ಹದಿನಾರು ಅತ್ತೆ. ಚೆನ್ನಾಗಿದೆ. ಸದ್ಯಕ್ಕೆ ಮುಗಿಯಲ್ಲ.”

“ಅಯ್ಯೋ, ಎಷ್ಟು ಬೇಜಾರಾಯ್ತೋ ನಿಂಗೆ!”

ವಿಜ್ಞಾನದ ಪದವಿ ಮುಗಿಸಿ, ಎಕ್ಸ್-ರೇ ತಂತ್ರಜ್ಞರ ಎರಡು ವರ್ಷದ ತರಬೇತಿ ಪಡೆದು ಆಕೆ ಈ ಆಸ್ಪತ್ರೆಗೆ ಸೇರಿ ಇಪ್ಪತ್ತಾರು ವರ್ಷಗಳಾಗಿದ್ದವು. ಆಗಿನ್ನೂ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವ ಕಾಲ. ಆರನೆಯ ವರ್ಷದಲ್ಲಿ ಒಂದು ದಿನ, ಕಾರಿಡಾರಿನ ತುಂಬ ಜನ ನಿಂತಿದ್ದಾಗ, ವಾರ್ಡಿನ ಚೀಟಿಯಲ್ಲಿದ್ದ ಸಂಖ್ಯೆಗಳನ್ನು ಹಾಗೆಯೇ ತನ್ನ ಪುಸ್ತಕಕ್ಕೆ ಇಳಿಸಿಕೊಂಡು ಒಬ್ಬ ಹೆಂಗಸನ್ನು ಹಲಗೆಯ ಮೇಲೆ ಮಲಗಿಸಿದ್ದಳು. ಆ ಹೆಂಗಸು ಮತ್ತೆ ಏಳಲಿಲ್ಲ. ವಿಚಾರಣೆಯಲ್ಲಿ ಯಾರೂ ಆಕೆಯತ್ತ ಬೆರಳು ಮಾಡಲಿಲ್ಲ, ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು. ಉಸಿರು: ಹದಿನೆಂಟು. ಕೈಬರಹ ಆಕೆಯದೇ. ಮರುದಿನ ಸೆಕೆಂಡಿನ ಮುಳ್ಳಿರುವ ಒಂದು ಕೈಗಡಿಯಾರ ಕೊಂಡಳು. ಈ ಸಂಗತಿಯನ್ನು ಆಕೆ ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಉಳಿದವರ ಕಣ್ಣಿಗೆ ಆಕೆ ಹಟಮಾರಿ, ಅಷ್ಟೇ.

ಇತ್ತೀಚೆಗೆ ಹೊಸ ಯಂತ್ರ ಬಂದ ಮೇಲೆ ಈ ಹಟ ದುಬಾರಿಯಾಗತೊಡಗಿತು. ಒಬ್ಬ ರೋಗಿಗೆ ಹದಿನೈದು ನಿಮಿಷವೆಂದು ಆಡಳಿತದವರು ನಿಗದಿ ಮಾಡಿದರು. ಯಂತ್ರ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನಿದ್ದರೆ ಹೊಣೆಯಾದವರಿಗೆ ವಿಳಂಬದ ಚೀಟಿ ಬರುತ್ತಿತ್ತು, ಅದಕ್ಕೆ ಲಿಖಿತ ಉತ್ತರ ಕೊಡಬೇಕು. ವರ್ಷಕ್ಕೆ ನಾಲ್ಕು ಚೀಟಿಯಾದರೆ ಸ್ಕ್ಯಾನ್ ಕೋಣೆಯಿಂದ ನೆಲಮಾಳಿಗೆಯ ದಾಖಲೆ ಕೋಣೆಗೆ ಬದಲಿ. ಆ ವರ್ಷ ಆಕೆಗೆ ಆಗಲೇ ಮೂರು ಬಂದಿದ್ದವು.

“ಬೇಜಾರು ಮಾಡ್ಕೋಬೇಡಿ ಅಕ್ಕ,” ಎಂದಿದ್ದ ಗುಮಾಸ್ತ. “ಕೆಳಗೆ ತುಂಬಾ ಶಾಂತಿ. ಮೂವತ್ತು ವರ್ಷದ ಹಳೇ ಫಿಲ್ಮ್‌ಗಳು. ಒಂದೂ ಉಸಿರಾಡಲ್ಲ.”

ಆಕೆಗೆ ನಗು ಬರಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ, ಇನ್ನು ಉಳಿದ ಹನ್ನೆರಡು ವರ್ಷ ಹಳೆಯ ಲಕೋಟೆಗಳಿಗೆ ದಾರ ಕಟ್ಟುತ್ತ ಕೂರುವುದನ್ನು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮೂರರಲ್ಲಿ ಎರಡು ಚೀಟಿಗೆ ಮೂಲ ಮೂರನೆಯ ಮಹಡಿಯ ವಾರ್ಡು. ಅಲ್ಲಿಂದ ಬರುವ ಪ್ರತಿ ರೋಗಿಯ ಜೊತೆ ಒಂದು ನಮೂನೆ ಬರುತ್ತಿತ್ತು. ಜ್ವರ, ನಾಡಿ, ರಕ್ತದೊತ್ತಡ, ಉಸಿರು ಎಂದು ನಾಲ್ಕು ಕಾಲಂ. ಒಂದು ದಿನ ಯಂತ್ರ ಕೆಟ್ಟು ಕೈ ಖಾಲಿಯಿದ್ದಾಗ ಆಕೆ ಒಂಬತ್ತು ನಮೂನೆಗಳನ್ನು ಸಾಲಾಗಿ ಹರಡಿ ನೋಡಿದಳು. ಒಂಬತ್ತರಲ್ಲೂ ಉಸಿರು ಹದಿನೆಂಟು. ಅದು ಹೊಸದಲ್ಲ. ಆದರೆ ಒಂಬತ್ತರಲ್ಲೂ ಎಂಟರ ಬಾಲ ಎಡಕ್ಕೆ ಒಂದೇ ರೀತಿ ಮುರಿದಿತ್ತು. ಒಂಬತ್ತರಲ್ಲೂ ಅದರ ಪಕ್ಕ ಒಂದೇ ಜಾಗದಲ್ಲಿ ಒಂದು ಮಸಿಚುಕ್ಕೆ. ಯಾರೋ ಒಮ್ಮೆ ಬರೆದಿದ್ದರು, ಉಳಿದದ್ದನ್ನೆಲ್ಲ ಜೆರಾಕ್ಸ್ ಯಂತ್ರ ಬರೆದಿತ್ತು.

ಆಕೆ ಒಂಬತ್ತನ್ನೂ ಹಿಡಿದು ಮೂರು ಮಹಡಿ ಹತ್ತಿ ವಾರ್ಡಿನ ಹಿರಿಯ ಸಿಸ್ಟರ್ ಎದುರು ನಿಂತಳು.

“ಅದಾ ಅಕ್ಕ? ಹೇಗಿದ್ರೂ ಎಲ್ಲರಿಗೂ ಹದಿನೆಂಟೇ ತಾನೇ ಬರೆಯೋದು? ಒಂದೊಂದಕ್ಕೂ ಬರೆಯೋ ಕಷ್ಟ ಯಾಕೆ ಅಂತ ಬರೆದಿದ್ದನ್ನೇ ಜೆರಾಕ್ಸ್ ಮಾಡಿಸಿದ್ವಿ. ಬೇರೆ ಇದ್ರೆ ಹೊಡೆದು ಹಾಕಿ ಬರೀತೀವಿ.”

“ಯಾವತ್ತಾದ್ರೂ ಹೊಡೆದು ಹಾಕಿದ್ದೀರಾ?”

“ಬೇರೆ ಇದ್ದಿದ್ರೆ ಹೊಡೀತಿದ್ವಿ.”

ಸಿಸ್ಟರ್ ಕೆಟ್ಟವಳಲ್ಲ. ನಲವತ್ತು ಹಾಸಿಗೆಗೆ ಮೂವರು ದಾದಿಯರು, ಮಧ್ಯಾಹ್ನದ ಊಟವನ್ನು ನಿಂತೇ ಮುಗಿಸುವ ಸ್ಥಿತಿ. ಇದು ಆಕೆಗೂ ಗೊತ್ತಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಆಡಳಿತದ ಮೂಲಕ ವಾರ್ಡಿಗೆ ಮೂರು ಪತ್ರ ಬರೆದಳು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ‘ಗಮನಿಸಲಾಗಿದೆ’ ಎಂದು ಬಂತು. ಮೂರನೆಯದರಲ್ಲಿ ಆಕೆ ‘ನಿಮ್ಮ ವಾರ್ಡಿನಲ್ಲಿ ತೀರಿಕೊಂಡವರೂ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಾರೆಯೇ ಎಂದು ತಿಳಿಯಬಯಸುತ್ತೇನೆ’ ಎಂಬ ಒಂದು ವಾಕ್ಯ ಸೇರಿಸಿದಳು. ಅದರ ಫಲವಾಗಿ ನಮೂನೆ ಬದಲಾಗಲಿಲ್ಲ. ಸಹೋದ್ಯೋಗಿಗಳೊಡನೆ ಸೌಜನ್ಯದಿಂದ ಮಾತನಾಡುವುದು ಹೇಗೆಂಬ ಅರ್ಧ ದಿನದ ತರಗತಿಗೆ ಆಕೆಯನ್ನೇ ಕಳುಹಿಸಿದರು.

ಮಗಳ ವಯಸ್ಸಿನ ಒಬ್ಬ ಹುಡುಗಿ ಪರದೆಯ ಮೇಲೆ ತೋರಿಸಿ ಕಲಿಸಿದಳು. ತುರ್ತಿನಲ್ಲಿ ಫೋನ್ ಮಾಡುವಾಗ ನಾಲ್ಕೇ ಮಾತು: ನಾನು ಯಾರು, ಯಾರ ವಿಷಯ, ಏನು ಕಂಡೆ, ಏನು ಬೇಕು. ಐದನೆಯದು ಬೇಡ. ಆಕೆ ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಬಂದು, ಅಚ್ಚುಕೂಟದಲ್ಲಿ ಕರಡು ತಿದ್ದುವ ಗಂಡನ ಮುಂದೆ ಹಿಡಿದಳು.

“ನೋಡಿ, ಇಪ್ಪತ್ತಾರು ವರ್ಷ ಆದ್ಮೇಲೆ ನನಗೆ ಮಾತು ಕಲಿಸ್ತಿದ್ದಾರೆ. ನಾಲ್ಕೇ ಮಾತಂತೆ. ನಾನೇನು ತಂತಿ ಕಳಿಸ್ತಿದ್ದೀನಾ?”

ಗಂಡ ಕನ್ನಡಕದ ಮೇಲಿಂದ ನೋಡಿದರು. “ತಂತಿ ಬಂದ್ರೆ ಜನ ಎದ್ದುಬಿದ್ದು ಓಡಿ ಬರ್ತಿದ್ರು ಕಣೇ. ನಿನ್ನ ಕಾಗದಕ್ಕೆ ಯಾರು ಓಡಿ ಬಂದ್ರು?”

ಆಕೆ ಹಾಳೆಯನ್ನು ಕಿತ್ತುಕೊಂಡು ಒಳಗೆ ಹೋದಳು.

ತರಗತಿಯಾಗಿ ಮೂರು ವಾರ ಕಳೆದಿತ್ತು. ಸೋಮವಾರ, ಪಟ್ಟಿಯಲ್ಲಿ ಇಪ್ಪತ್ತೊಂದು ಜನ. ಏಳನೆಯವರಾಗಿ ಮೂರನೆಯ ಮಹಡಿಯ ವಾರ್ಡಿನಿಂದ ಒಬ್ಬ ಮುದುಕರು ಗಾಲಿಕುರ್ಚಿಯಲ್ಲಿ ಬಂದರು, ಜೊತೆಗೆ ಸೊಸೆ. ಐವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ ದರ್ಜಿ. ಹೊಟ್ಟೆಯ ಸ್ಕ್ಯಾನ್ ಆಗಬೇಕಿತ್ತು, ರಕ್ತನಾಳಕ್ಕೆ ಬಣ್ಣದ ಔಷಧ ಚುಚ್ಚಿ ತೆಗೆಯುವಂಥದ್ದು. ಹಲಗೆಯ ಮೇಲೆ ಅಂಗಾತ ಕಾಲು ಗಂಟೆ ಅಲುಗಾಡದೆ ಮಲಗಬೇಕು. ನಮೂನೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಉಸಿರು ಹದಿನೆಂಟು, ಬಾಲ ಎಡಕ್ಕೆ ಮುರಿದದ್ದು.

ಆಕೆ ಕುರ್ಚಿಯ ಪಕ್ಕ ಕುಳಿತು ಮೂರು ಬೆರಳು ಮಣಿಕಟ್ಟಿಗೆ ಒತ್ತಿದಳು. ಕೈ ತಣ್ಣಗಿತ್ತು. ನಾಡಿ ನೂರ ಹನ್ನೆರಡು. ಕೈ ಬಿಡದೆ ಕಣ್ಣನ್ನು ಎದೆಗೆ ಹೊರಳಿಸಿದಳು. ಕೊರಳಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

ದರ್ಜಿ ಆಕೆಯನ್ನೇ ನೋಡುತ್ತಿದ್ದರು. “ಕೈ ಹಿಡಿದು... ಎದೆ ನೋಡ್ತಿದ್ದೀರಿ ತಾಯಿ.”

ಇಪ್ಪತ್ತು ವರ್ಷದಲ್ಲಿ ಯಾರೂ ಕಂಡುಹಿಡಿದಿರಲಿಲ್ಲ. ಆಕೆಯ ಎಣಿಕೆ ತಪ್ಪಿತು.

“ನಾನೂ ಹಾಗೇ...” ಎಂದರು ದರ್ಜಿ, ನಡುವೆ ಉಸಿರು ಎಳೆದುಕೊಂಡು. “ಸೊಂಟಕ್ಕೆ ಟೇಪು ಹಾಕಿದ್ರೆ... ಎಲ್ಲರೂ ಹೊಟ್ಟೆ ಒಳಗೆಳ್ಕೋತಾರೆ. ಮಕ್ಕಳ ವಿಷಯ ಕೇಳಿ... ಆಗ ಅಳೆಯೋದು.”

“ಹಾಗಾದ್ರೆ ಈಗ ಸುಮ್ಮನಿರಿ ಅಜ್ಜ, ಹೊಟ್ಟೆ ಒಳಗೆಳ್ಕೋಬೇಡಿ,” ಎಂದು ಆಕೆ ಮತ್ತೆ ಮೊದಲಿನಿಂದ ಎಣಿಸಿದಳು. ಮೂವತ್ತು.

“ರಾತ್ರಿ ಮಲಗಿದ್ರಾ ಇವರು?” ಎಂದು ಅವರ ಬೆರಳಿಗೆ ಆಕ್ಸಿಜನ್ ಅಳೆಯುವ ಮೀಟರ್ ಸಿಕ್ಕಿಸುತ್ತ ಸೊಸೆಯನ್ನು ಕೇಳಿದಳು.

“ಎಲ್ಲಿ ಮೇಡಂ! ಮಾವ ರಾತ್ರಿಯೆಲ್ಲಾ ದಿಂಬಿಗೆ ಒರಗಿ ಕೂತೇ ಇದ್ರು. ಸ್ಕ್ಯಾನಿಗೆ ಬೇಕು ಅಂತ ಒಂದಾದ ಮೇಲೊಂದು ಸಲೈನ್ ಏರಿಸ್ತಾನೇ ಇದ್ರು.”

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಚಿತ್ರ ನೋಡಿ ವರದಿ ಬರೆಯುವ ದೊಡ್ಡ ಡಾಕ್ಟರು ಹೊರಬಂದರು. ವಿಭಾಗದ ಮುಖ್ಯಸ್ಥರೂ ಅವರೇ.

“ಏನಮ್ಮ, ಯಂತ್ರ ಖಾಲಿ ಹೊಡೀತಿದೆ?”

“ಉಸಿರು ಮೂವತ್ತಿದೆ ಸರ್. ಆಕ್ಸಿಜನ್ ತೊಂಬತ್ತಮೂರು. ಇವರನ್ನ ಮಲಗಿಸೋಕಾಗಲ್ಲ.”

ಅವರು ಬೆರಳಿನ ಮೀಟರನ್ನೂ ನಮೂನೆಯನ್ನೂ ನೋಡಿದರು. “ಕೈ ತಣ್ಣಗಿದ್ರೆ ಮೀಟರ್ ಹಾಗೇ ತೋರಿಸೋದು. ಯಂತ್ರ ನೋಡಿ ಗಾಬರಿ ಅಷ್ಟೇ. ವಾರ್ಡಲ್ಲಿ ಹದಿನೆಂಟಿತ್ತಲ್ಲ?”

“ಉಸಿರಾಡ್ತಿರೋದು ಚೀಟಿ ಅಲ್ಲ ಸರ್, ಇವರು.”

ಡಾಕ್ಟರ ಮುಖ ಬಿಗಿಯಿತು. “ಸರಿ. ವಾರ್ಡಿನ ಡಾಕ್ಟರು ಬಂದು ನೋಡಿ ಬೇಡ ಅಂದ್ರೆ ನಿಲ್ಲಿಸೋಣ. ಕರೆಸಿ. ಇಲ್ಲಾಂದ್ರೆ ಮಲಗಿಸಿ. ಇದು ನಾಲ್ಕನೇದು ಅನ್ನೋದು ನೆನಪಿರಲಿ.”

ಆಕೆ ಗೋಡೆಯ ಫೋನ್ ಎತ್ತಿದಳು. ಹಿರಿಯ ಸಿಸ್ಟರ್ ಫೋನಿಗೆ ಬರಲು ಮೂರು ನಿಮಿಷ ಹಿಡಿಯಿತು. ಆ ಮೂರು ನಿಮಿಷದಲ್ಲಿ ಸ್ಕ್ಯಾನ್ ಕೋಣೆ, ನೆಲಮಾಳಿಗೆ, ಮೂರು ಪತ್ರ, ಪರದೆಯ ಮುಂದಿನ ಹುಡುಗಿ, ಎಲ್ಲವೂ ಆಕೆಯ ಗಂಟಲಿಗೆ ಬಂದು ನಿಂತಿದ್ದವು.

“ಏನಮ್ಮ ಸಿಸ್ಟರ್, ಇವತ್ತೂ ಜೆರಾಕ್ಸ್ ಉಸಿರೇ ಕಳಿಸಿದ್ದೀರಲ್ಲ?”

“ಬೆಳಗ್ಗೆ ಬೆಳಗ್ಗೆ ಶುರು ಮಾಡಿದ್ರಾ ಅಕ್ಕ? ನಾನಿಲ್ಲಿ ಎರಡು ಅಡ್ಮಿಷನ್ ನೋಡ್ತಿದ್ದೀನಿ.”

“ನೋಡಿ, ನೋಡಿ. ಅವರಿಗೂ ಹದಿನೆಂಟು ರೆಡಿ ಇದೆಯಲ್ಲ!”

“ನಿಮ್ಮ ಹಾಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೈ ಹಿಡಿದು ಕೂರೋಕೆ ನಮಗೆ ಪುರುಸೊತ್ತಿಲ್ಲ. ಹಾಸಿಗೆ ನಲವತ್ತು!”

“ಎಣಿಸೋಕೆ ಬರದಿದ್ರೆ ಖಾಲಿ ಬಿಡಿ, ಸುಳ್ಳು ಯಾಕೆ ಬರೀತೀರಿ?”

ಹೀಗೆ ನಾಲ್ಕು ನಿಮಿಷ. ತಾನು ದರ್ಜಿಯ ವಿಷಯ ಎತ್ತಿದ್ದೆನೋ ಇಲ್ಲವೋ ಎಂದು ಆಮೇಲೆ ಯೋಚಿಸಿದಾಗ ಆಕೆಗೆ ಖಚಿತವಾಗಿ ನೆನಪಾಗಲಿಲ್ಲ. ‘ಸುಳ್ಳು’ ಎಂಬ ಮಾತಿಗೆ ಆ ಕಡೆ ಫೋನ್ ಕುಕ್ಕಿದ ಸದ್ದು ಬಂತು. ಮತ್ತೆ ಮಾಡಿದರೆ ಲೈನ್ ಎಂಗೇಜ್. ಮತ್ತೆ, ಮತ್ತೆ. ಇನ್ನೂ ನಾಲ್ಕು ನಿಮಿಷ ಹೋಯಿತು.

ತಿರುಗಿ ನೋಡಿದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಇಡೀ ಜಗಳ ರೋಗಿಯ ಎದುರೇ ನಡೆದಿತ್ತು. ಕೋಣೆಯಲ್ಲಿ ತಾನು, ಫೋನು ಮತ್ತು ತನ್ನ ನ್ಯಾಯ ಇಷ್ಟೇ ಇದ್ದವೆಂಬಂತೆ ಆಕೆ ಕೂಗಾಡಿದ್ದಳು. ದರ್ಜಿ ಎರಡೂ ಕೈಗಳನ್ನು ಮಂಡಿಗೆ ಊರಿ ಮುಂದಕ್ಕೆ ಬಾಗಿದ್ದರು. ತುಟಿಯ ಬಣ್ಣ ಬದಲಾಗಿತ್ತು.

“ನನ್ನಿಂದ... ನಿಮಗೆ... ಜಗಳ ಆಯ್ತು,” ಎಂದರು.

ಮೂರು ಮಾತಿಗೆ ಮೂರು ಉಸಿರು. ಇರುವ ಅಷ್ಟಿಷ್ಟು ಉಸಿರನ್ನು ಈ ಮನುಷ್ಯ ಕ್ಷಮೆ ಕೇಳಲು ಖರ್ಚು ಮಾಡುತ್ತಿದ್ದಾರಲ್ಲ ಎಂದು ಆಕೆಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಗೋಡೆಯ ಕೊಳವೆಯಿಂದ ಆಕ್ಸಿಜನ್ ತೆಗೆದು ಮೂಗಿಗೆ ಹಾಕಿದಳು. ಇನ್ನೂ ಹನಿಯುತ್ತಿದ್ದ ಸಲೈನಿನ ನಳಿಕೆಯ ಗಾಲಿಯನ್ನು ತಿರುಗಿಸಿ ನಿಲ್ಲಿಸಿದಳು. ಮತ್ತೆ ಒಂದು ನಿಮಿಷ ಎಣಿಸಿದಳು. ಮೂವತ್ತನಾಲ್ಕು.

ಫೋನ್ ಈ ಸಲ ಸಿಕ್ಕಿತು. ಹಿರಿಯ ಸಿಸ್ಟರೇ ಎತ್ತಿದ್ದು. ಆಕೆ ಹಲ್ಲು ಕಚ್ಚಿ, ದನಿ ತಗ್ಗಿಸಿ, ಬರೆದದ್ದನ್ನು ಓದುವವಳಂತೆ ಹೇಳಿದಳು:

“ಸ್ಕ್ಯಾನ್ ಕೋಣೆಯಿಂದ ತಂತ್ರಜ್ಞೆ ಮಾತಾಡ್ತಿದ್ದೀನಿ. ನಿಮ್ಮ ಹದಿನಾಲ್ಕನೇ ಹಾಸಿಗೆಯ ದರ್ಜಿ ಅಜ್ಜನ ವಿಷಯ. ಉಸಿರು ಕಾಲು ಗಂಟೆ ಹಿಂದೆ ಮೂವತ್ತು, ಈಗ ಮೂವತ್ತನಾಲ್ಕು. ನಾಡಿ ನೂರ ಇಪ್ಪತ್ತು, ಆಕ್ಸಿಜನ್ ಎಂಬತ್ತೊಂಬತ್ತು, ತುಟಿ ನೀಲಿ, ಮಲಗೋಕೆ ಆಗ್ತಿಲ್ಲ. ಆಕ್ಸಿಜನ್ ಹಾಕಿದ್ದೀನಿ, ಸಲೈನ್ ನಿಲ್ಲಿಸಿದ್ದೀನಿ. ಐದು ನಿಮಿಷದಲ್ಲಿ ಡಾಕ್ಟರು ಇಲ್ಲಿ ಬೇಕು.”

ಐದನೆಯ ಮಾತು ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು. ಅದು ಸುಲಭವಾಗಿರಲಿಲ್ಲ.

“ಮೂವತ್ತನಾಲ್ಕಾ?” ಎಂದಳು ಸಿಸ್ಟರ್. “ಬಂದೆ.”

ಬಂದೇಬಿಟ್ಟಳು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು, ವಾರ್ಡಿನ ಡಾಕ್ಟರನ್ನು ಹಿಂದೆ ಓಡಿಸಿಕೊಂಡು. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಎರಡೂ ಕಡೆ ಗರಗರ. ದುರ್ಬಲವಾದ ಹೃದಯಕ್ಕೆ ರಾತ್ರಿಯೆಲ್ಲ ಏರಿಸಿದ ಸಲೈನ್ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅಂಗಾತ ಮಲಗಿಸಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೀರು ಇಳಿಸುವ ಇಂಜೆಕ್ಷನ್ ಕೊಟ್ಟು, ಕೂರಿಸಿಕೊಂಡೇ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ದೊಡ್ಡ ಡಾಕ್ಟರು ಬಾಗಿಲ ಬಳಿ ಕೈಕಟ್ಟಿ ನಿಂತು ನೋಡಿ ಒಳಗೆ ಹೋದರು.

ಯಂತ್ರ ನಲವತ್ತೆಂಟು ನಿಮಿಷ ಸುಮ್ಮನಿತ್ತು. ಮಧ್ಯಾಹ್ನ ಮೂರಕ್ಕೆ ನಾಲ್ಕನೆಯ ಚೀಟಿ ಬಂತು. ಯಂತ್ರದ ಗಡಿಯಾರಕ್ಕೆ ಕಾರಣ ಗೊತ್ತಿರುವುದಿಲ್ಲವಲ್ಲ.

ಆಕೆ ಆವತ್ತೇ ಉತ್ತರ ಬರೆದಳು. ಯಾವ ಹೊತ್ತಿಗೆ ಏನಾಯಿತೆಂಬುದನ್ನು ಸಾಲಾಗಿ ಬರೆದು, ನಡುವೆ ಹೀಗೆ ಸೇರಿಸಿದಳು: ‘ಇದರಲ್ಲಿ ಹನ್ನೊಂದು ನಿಮಿಷ ಫೋನಿನಲ್ಲಿ ಹೋಯಿತು. ಮೊದಲ ಕರೆಯಲ್ಲಿ ನಾನು ರೋಗಿಯ ಸ್ಥಿತಿಯನ್ನು ತಿಳಿಸುವ ಬದಲು ಹಳೆಯ ದೂರನ್ನು ಎತ್ತಿ ಜಗಳವಾಡಿದೆ. ರೋಗಿಗೂ ಅದು ಕೇಳಿಸಿತು.’

ಒಯ್ಯಲು ಬಂದ ಗುಮಾಸ್ತ ಓದಿ ತಲೆ ಚಚ್ಚಿಕೊಂಡ. “ಅಕ್ಕ, ಇದನ್ನ ಯಾರಾದ್ರೂ ಬರೀತಾರಾ? ನೀವೇ ಗೆದ್ದಿದ್ದೀರಿ. ಆ ಜೆರಾಕ್ಸ್ ವಿಷಯ ಬರೀರಿ, ಸಿಸ್ಟರ್ ತಲೆ ಉರುಳುತ್ತೆ, ನಿಮ್ಮ ಜಾಗ ಉಳಿಯುತ್ತೆ. ಹನ್ನೊಂದು ನಿಮಿಷ ಲೈನ್ ಸಿಗಲಿಲ್ಲ ಅಂತ ಬರೆದ್ರಾಯ್ತು.”

“ಲೈನ್ ಸಿಗದೇ ಇದ್ದದ್ದು ನಾಲ್ಕು ನಿಮಿಷ.”

“ಯಾರು ನೋಡೋಕೆ ಹೋಗ್ತಾರೆ?”

“ಹದಿನೆಂಟು ಅಂತ ಬರೆದವರೂ ಅದನ್ನೇ ಹೇಳಿದ್ದು ಕಣಪ್ಪ. ತಗೊಂಡು ಹೋಗು.”

ಎರಡು ದಿನ ಉತ್ತರವಿರಲಿಲ್ಲ. ಆಕೆ ತನ್ನ ಡ್ರಾಯರಿನಲ್ಲಿದ್ದ ಕನ್ನಡಕದ ಪೆಟ್ಟಿಗೆ, ಬಾಚಣಿಗೆ, ಶಾಲು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಟ್ಟಳು. ದರ್ಜಿಯ ಸೊಸೆ ಒಮ್ಮೆ ಬಂದು, ಮಾವ ಮಲಗಿ ನಿದ್ದೆ ಮಾಡಿದರೆಂದೂ, ನರ್ಸುಗಳ ಸಮವಸ್ತ್ರದ ಹೊಲಿಗೆ ಸರಿಯಿಲ್ಲವೆಂದು ಗೊಣಗತೊಡಗಿದ್ದಾರೆಂದೂ ಹೇಳಿ ಹೋದಳು. ಮೂರನೆಯ ಮಹಡಿಯಿಂದ ಹೊಸ ನಮೂನೆ ಬರತೊಡಗಿತು. ಹದಿನೆಂಟು ಮಾಯವಾಗಿತ್ತು. ಮೊದಲ ದಿನ ಬಂದ ಆರರಲ್ಲಿ ಆರರಲ್ಲೂ ಉಸಿರಿನ ಕಾಲಂ ಖಾಲಿ. ಆಕೆ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು.

ಮೂರನೆಯ ದಿನ ದೊಡ್ಡ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಎರಡು ಹಾಳೆಗಳಿದ್ದವು.

“ಇದು ನಿಮ್ಮದು. ಇನ್ನೊಂದು ವಾರ್ಡ್ ಸಿಸ್ಟರ್ ತಾವಾಗೇ ಬರೆದು ಕೊಟ್ಟಿದ್ದು. ಕೇಳಿ: ‘ಫೋನ್ ಇಟ್ಟದ್ದು ನಾನೇ. ಉಸಿರು ಎಣಿಸದೆ ಕಳುಹಿಸಿದ್ದು ನಮ್ಮ ತಪ್ಪು. ಆದರೆ ಆ ರೀತಿ ಮಾತಾಡಿದರೆ ಯಾರಾದರೂ ಫೋನ್ ಇಡುತ್ತಿದ್ದರು.’” ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನನಗೂ ನೀವು ಹಾಗೇ ಮಾತಾಡಿದ್ರಿ. ಅದಕ್ಕೇ ನಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹಾಕ್ಕೋಬೇಕಿತ್ತು.”



ಅವರು ಚೀಟಿಯ ಕೆಳಗೆ ಬರೆದು ಆಕೆಯತ್ತ ತಿರುಗಿಸಿದರು: ‘ಒಟ್ಟು ನಲವತ್ತೆಂಟು ನಿಮಿಷ. ಮೂವತ್ತೇಳು ಅಗತ್ಯ. ಹನ್ನೊಂದು ಅನಗತ್ಯ. ವಿಳಂಬವೆಂದು ಪರಿಗಣಿಸತಕ್ಕದ್ದಲ್ಲ.’

“ಇಲ್ಲೇ ಇರಿ. ಚೀಲ ಬಿಚ್ಚಿ. ಗುಮಾಸ್ತ ಹೇಳಿದ, ಕಟ್ಟಿಟ್ಟಿದ್ದೀರಂತೆ.”

ಆಕೆ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಮನಸ್ಸು ತಡೆಯಲಿಲ್ಲ.

“ಸರ್, ಸಿಸ್ಟರ್ ಫೋನಿಗೆ ಬರೋಕೆ ಮೂರು ನಿಮಿಷ ಆಯ್ತು. ಲೈನ್ ಸಿಗದೇ ನಾಲ್ಕು. ನಾನು ಜಗಳ ಆಡಿದ್ದು ನಾಲ್ಕೇ.”

“ಲೈನ್ ಯಾಕೆ ಸಿಗಲಿಲ್ಲ?”

“...ಅವರು ಕುಕ್ಕಿದ ಫೋನು ಸರಿಯಾಗಿ ಕೂತಿರಲಿಲ್ಲ.”

“ಯಾಕೆ ಕುಕ್ಕಿದ್ರು?”

ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು, ನಾಲ್ಕು, ಎಂಟು.

“ಹಾಗಾದ್ರೆ ಎಂಟು ಸರ್. ಹನ್ನೊಂದಲ್ಲ. ಮೂರು ನಿಮಿಷ ನನ್ನದಲ್ಲ.”

ದೊಡ್ಡ ಡಾಕ್ಟರು ಚೀಟಿಯನ್ನು ಮತ್ತೆ ಎಳೆದುಕೊಂಡು, ಹನ್ನೊಂದನ್ನು ಹೊಡೆದು ಹಾಕಿ ಎಂಟು ಮಾಡಿ, ಮೂವತ್ತೇಳನ್ನು ನಲವತ್ತು ಮಾಡಿ, ಎರಡರ ಪಕ್ಕದಲ್ಲೂ ಸಹಿ ಹಾಕಿದರು.

“ಈಗ ದಯವಿಟ್ಟು ಹೊರಗೆ ನಡೀತೀರಾ?”